ಹಾಡಿನ ಹಿಂದಿನ ಗಿಟಾರಿಗೂ ಒಂದು ಹೆಸರಿದೆ

ಸಂಪಾದಕರಿಗೆ

ಮಾನ್ಯರೆ,

ಗಿಟಾರ್ ಕಲಿಯುತ್ತಿರುವ ನಮ್ಮ ಜಿಲ್ಲೆಯ ಹುಡುಗ ಹುಡುಗಿಯರ ಬಗ್ಗೆ ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಬರಹ ಓದಿದೆವು. ಹಾಸನ, ಬೇಲೂರು, ಸಕಲೇಶಪುರದ ಮನೆಗಳಲ್ಲಿ ಸಂಜೆ ಹೊತ್ತು ಗಿಟಾರ್ ಕೇಳಿಸುತ್ತಿರುವುದನ್ನು ಪತ್ರಿಕೆ ಗಮನಿಸಿದ್ದು ಒಳ್ಳೆಯದಾಯಿತು. ಆದರೆ ಆ ಬರಹ ಮಕ್ಕಳ ಮುಂದೆ ಎರಡೇ ದಾರಿ ಇಟ್ಟಿದೆ: ಬ್ಯಾಂಡ್ ಕಟ್ಟಿ, ವೇದಿಕೆ ಹತ್ತಿ ಹೆಸರು ಮಾಡುವುದು, ಅದಾಗದಿದ್ದರೆ ಹವ್ಯಾಸವಾಗಿ ಉಳಿಸಿಕೊಂಡು ಬೇರೆ ಕೆಲಸ ನೋಡಿಕೊಳ್ಳುವುದು. ಇವೆರಡರ ನಡುವೆ ಅರವತ್ತು ಎಪ್ಪತ್ತು ವರ್ಷಗಳಿಂದ ಅನೇಕರಿಗೆ ಅನ್ನ ಕೊಟ್ಟ ಇನ್ನೊಂದು ದಾರಿ ಇದೆ. ಅದು ಸೆಷನ್ ಗಿಟಾರ್ ವಾದಕರ ದಾರಿ. ಬರಹದಲ್ಲಿ ಅದರ ಪ್ರಸ್ತಾಪವೇ ಇಲ್ಲ. ಹೆಸರು ಬಿಟ್ಟುಹೋಗುವುದು ಆ ಕಸುಬಿನವರಿಗೆ ಹೊಸದಲ್ಲ. ಆದರೂ ಹಾಗೆ ಬಿಡಬಾರದು ಎಂದು ಹೇಳಲು ಈ ಪತ್ರ.

ಸೆಷನ್ ವಾದಕರೆಂದರೆ ಧ್ವನಿಮುದ್ರಣಕ್ಕೆ ಗಂಟೆ ಲೆಕ್ಕದಲ್ಲಿ ಕರೆಸಿಕೊಳ್ಳುವ ವಾದಕರು. ಅವರಿಗೆ ತಮ್ಮದೇ ಆದ ತಂಡವಿಲ್ಲ. ಬೆಳಿಗ್ಗೆ ಸೋಪಿನ ಜಾಹೀರಾತು, ಮಧ್ಯಾಹ್ನ ರಾಕ್ ಹಾಡು, ರಾತ್ರಿ ಸಿನಿಮಾದ ಹಿನ್ನೆಲೆ ಸಂಗೀತ. ಮೂರಕ್ಕೂ ಅದೇ ಕೈ. ಗಣಪತಿ ಹಬ್ಬದ ಆರ್ಕೆಸ್ಟ್ರಾದಲ್ಲಿ ಡ್ರಮ್ಸ್ ಪಕ್ಕ ನಿಂತು ಒಂದೇ ರಾತ್ರಿ ಇಪ್ಪತ್ತೈದು ಮೂವತ್ತು ಹಾಡಿಗೆ ನುಡಿಸುವ ಗಿಟಾರ್ ವಾದಕರನ್ನು ನಮ್ಮ ಓದುಗರು ನೋಡಿಯೇ ಇರುತ್ತಾರೆ. ಗಾಯಕಿ ಬಂದು ಶ್ರುತಿಯನ್ನು “ಅರ್ಧ ಮನೆ ಇಳಿಸಿ” ಎಂದರೆ ಮರುಕ್ಷಣವೇ ಇಳಿಸಿ ನುಡಿಸುವ ಆ ಕೌಶಲ ಸೆಷನ್ ಕೆಲಸಕ್ಕೆ ಬಹಳ ಹತ್ತಿರದ್ದು. ಒಂದೇ ವ್ಯತ್ಯಾಸ: ಆರ್ಕೆಸ್ಟ್ರಾದಲ್ಲಿ ಮಾಡಿದ ತಪ್ಪು ಗಾಳಿಗೆ ಹೋಗುತ್ತದೆ, ಸ್ಟುಡಿಯೊದಲ್ಲಿ ಮಾಡಿದ್ದು ಉಳಿದುಬಿಡುತ್ತದೆ.

ಈ ಕಸುಬಿನಲ್ಲಿ ಇಡೀ ಜೀವನ ಕಳೆದವರ ಪೈಕಿ ಇಂಗ್ಲೆಂಡಿನ ಬಿಗ್ ಜಿಮ್ ಸಲಿವನ್ ಅವರನ್ನು ಮಕ್ಕಳಿಗೆ ಮೊದಲು ಪರಿಚಯಿಸಬೇಕು. ಹುಟ್ಟಿದ್ದು 1941ರಲ್ಲಿ, ಲಂಡನ್ನಿನ ಪಶ್ಚಿಮಕ್ಕಿರುವ ಅಕ್ಸ್‌ಬ್ರಿಜ್‌ನಲ್ಲಿ. ಹದಿನಾಲ್ಕಕ್ಕೆ ಗಿಟಾರ್ ಹಿಡಿದು ಎರಡೇ ವರ್ಷದಲ್ಲಿ ಅದನ್ನೇ ವೃತ್ತಿ ಮಾಡಿಕೊಂಡರು. 1959ರಲ್ಲಿ ಅವರಿಗೆ ಗಾಯಕ ಮಾರ್ಟಿ ವೈಲ್ಡ್ ಸಿಕ್ಕಿ, ತಮ್ಮ ತಂಡಕ್ಕೆ ಕರೆದುಕೊಂಡದ್ದು ಲಂಡನ್ನಿನ ಒಂದು ಕಾಫಿ ಅಂಗಡಿಯಲ್ಲಿ. ಸೊಹೊ ಬಡಾವಣೆಯ ಆ ‘ಟೂ ಐಸ್ ಕಾಫಿ ಬಾರ್’ನ ನೆಲಮಾಳಿಗೆಯಲ್ಲೇ ಬ್ರಿಟನ್ನಿನ ರಾಕ್ ಸಂಗೀತದ ಮೊದಲ ತಲೆಮಾರು ಬೆಳೆದದ್ದು, ಕಾಫಿ ಬೆಳೆಯುವ ಸೀಮೆಯ ನಮಗೆ ಅದು ತಿಳಿದಿದ್ದರೆ ಚೆನ್ನ. 1960ರ ದಶಕದಲ್ಲಿ ಸಲಿವನ್ ದಿನಕ್ಕೆ ಮೂರು ಸೆಷನ್ ನುಡಿಸುತ್ತಿದ್ದ ಕಾಲವಿತ್ತು. ಅವರು ನುಡಿಸಿದ ಸುಮಾರು 750 ಹಾಡುಗಳು ಜನಪ್ರಿಯತೆಯ ಪಟ್ಟಿಗೆ ಏರಿದವು. ಅವುಗಳಲ್ಲಿ 54 ಬ್ರಿಟನ್ನಿನಲ್ಲಿ ಮೊದಲ ಸ್ಥಾನ ಪಡೆದವು. ಅದೇ ಸ್ಟುಡಿಯೊಗಳಲ್ಲಿ ಅವರಿಗಿಂತ ಮೂರು ವರ್ಷ ಚಿಕ್ಕವನಾದ ಇನ್ನೊಬ್ಬ ಜಿಮ್ ಇದ್ದ. ಇಬ್ಬರನ್ನೂ ಗುರುತಿಸಲು ಒಬ್ಬರನ್ನು ಬಿಗ್ ಜಿಮ್, ಇನ್ನೊಬ್ಬನನ್ನು ಲಿಟಲ್ ಜಿಮ್ ಎನ್ನುತ್ತಿದ್ದರು. ಲಿಟಲ್ ಜಿಮ್ 1966ರಲ್ಲಿ ಸೆಷನ್ ಬಿಟ್ಟು ಬ್ಯಾಂಡಿಗೆ ಹೋದ, 1968ರಲ್ಲಿ ಲೆಡ್ ಝೆಪೆಲಿನ್ ಎಂಬ ರಾಕ್ ತಂಡ ಕಟ್ಟಿದ. ಅವನೇ ಜಿಮ್ಮಿ ಪೇಜ್. ಅವನ ಚಿತ್ರ ಹಾಸನದ ಹಾಸ್ಟೆಲ್ ಗೋಡೆಗಳ ಮೇಲೂ ಇದೆ. ಬಿಗ್ ಜಿಮ್ ಹೆಸರು ಕೇಳಿದವರು ಕಡಿಮೆ. ಕೈಚಳಕದಲ್ಲಿ ಇಬ್ಬರ ನಡುವೆ ಅಷ್ಟು ಅಂತರವಿತ್ತೆಂದು ಆ ಕಾಲದ ಧ್ವನಿತಟ್ಟೆಗಳನ್ನು ಕೇಳಿದ ಯಾರೂ ಒಪ್ಪಲಾರರು.

ಸಲಿವನ್ ಸಿತಾರ್ ಕಲಿತದ್ದನ್ನೂ ಇಲ್ಲಿ ಹೇಳಬೇಕು. ಬ್ರಿಟಿಷ್ ಪಾಪ್ ಹಾಡುಗಳಲ್ಲಿ ಸಿತಾರ್ ಕೇಳಿಸತೊಡಗಿದಾಗ ಲಂಡನ್ನಿನಲ್ಲಿ ಅದನ್ನು ನುಡಿಸಬಲ್ಲ ಸೆಷನ್ ವಾದಕರು ಬೆರಳೆಣಿಕೆಯಷ್ಟಿದ್ದರು. ಇವರು ಶ್ರದ್ಧೆಯಿಂದ ಕಲಿತು ಸಿತಾರ್ ವಾದನದ ಆಲ್ಬಂ ಒಂದನ್ನೂ ತಂದರು. ಹೊಸ ವಾದ್ಯ ಕಲಿಯುವುದು ಈ ಕಸುಬಿನಲ್ಲಿ ಶೋಕಿಯಲ್ಲ, ಇನ್ನೊಂದು ಕರೆ ಬರುವುದಕ್ಕೆ ಅದೇ ಕಾರಣವಾಗುತ್ತದೆ. ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ ಟಾಮಿ ಟೆಡೆಸ್ಕೊ (1930–1997) ಎಂಬ ದೊಡ್ಡ ಸೆಷನ್ ವಾದಕರಿದ್ದರು. ಮ್ಯಾಂಡೊಲಿನ್, ಯುಕುಲೆಲೆ, ಬಲಲೈಕ ಹೀಗೆ ಯಾವ ತಂತಿವಾದ್ಯ ಕೇಳಿದರೂ ಒಪ್ಪಿಕೊಂಡು, ಅದನ್ನು ಗಿಟಾರಿನ ಶ್ರುತಿಗೇ ಕಟ್ಟಿಕೊಂಡು ನುಡಿಸುತ್ತಿದ್ದರು. ಬೆರಳಿಗೆ ಗೊತ್ತಿರುವ ಜಾಗಗಳೇ ಸಾಕಾಗುತ್ತವೆ, ಕೇಳುವವರಿಗೆ ನಾದ ಮಾತ್ರ ಬೇರೆ. ಇಂದಿಗೂ ಅದು ಒಳ್ಳೆಯ ಉಪಾಯ. ತಂತಿಯ ದಪ್ಪ ಮಾತ್ರ ಹೊಸ ಶ್ರುತಿಗೆ ಹೊಂದುವಂತೆ ಬದಲಿಸಬೇಕು, ಇಲ್ಲದಿದ್ದರೆ ಕೆಳಗಿನವು ಜೋಲುತ್ತವೆ, ಮೇಲಿನವು ಹರಿಯುತ್ತವೆ.

ನಮ್ಮ ಕಡೆಗೂ ಬರೋಣ. ಕನ್ನಡ ಚಿತ್ರಗೀತೆಗಳು ಬಹುಪಾಲು ಮದ್ರಾಸಿನಲ್ಲೇ ಮುದ್ರಣವಾಗುತ್ತಿದ್ದ ಕಾಲದಲ್ಲಿ ಜಿ.ಕೆ. ವೆಂಕಟೇಶ್ ಅವರ ಬಳಿ ಸಹಾಯಕರಾಗಿ, ಗಿಟಾರ್ ವಾದಕರಾಗಿ ದುಡಿದ ಯುವಕ ಮುಂದೆ ಇಳಯರಾಜ ಎಂದು ಹೆಸರಾದರು. ಸಲಿಲ್ ಚೌಧರಿ ಅವರಿಗೂ ಅವರು ಗಿಟಾರ್ ನುಡಿಸಿದ್ದರು. ಮುಂಬೈಯಲ್ಲಿ ಗಾಯಕರೆಂದು ಎಲ್ಲರಿಗೂ ಗೊತ್ತಿರುವ ಭೂಪಿಂದರ್ ಸಿಂಗ್, ಆರ್.ಡಿ. ಬರ್ಮನ್ ಅವರ ಧ್ವನಿಮುದ್ರಣಗಳಲ್ಲಿ ಗಿಟಾರ್ ವಾದಕರೂ ಆಗಿದ್ದರು. ಲಕ್ಷ್ಮೀಕಾಂತ್–ಪ್ಯಾರೇಲಾಲ್ ಜೋಡಿಯ ಪ್ಯಾರೇಲಾಲ್ ಅವರ ತಮ್ಮ ಗೋರಖ್ ಶರ್ಮ, ಗಿಟಾರ್ ಮತ್ತು ಮ್ಯಾಂಡೊಲಿನ್ ಎರಡರಲ್ಲೂ ಎತ್ತಿದ ಕೈ; 1980ರ ‘ಕರ್ಜ್’ ಚಿತ್ರದ ಆ ಪ್ರಸಿದ್ಧ ಗಿಟಾರ್ ನಾದ ಅವರದು. ಅದನ್ನು ಗುನುಗದವರಿಲ್ಲ. ನುಡಿಸಿದವರು ಯಾರೆಂದು ಕೇಳಿದರೆ ಹೇಳುವವರು ಸಿಗುವುದಿಲ್ಲ.

ಇನ್ನು ಕೆಲಸದ ಒಳಗಿನ ಮಾತು. ಬ್ರಿಟನ್ ಮತ್ತು ಅಮೆರಿಕದ ವಾದಕರ ಸಂಘಗಳು ಸೆಷನ್ ಎಂದರೆ ಮೂರು ಗಂಟೆ ಎಂದು ಲೆಕ್ಕ ಹಾಕಿದವು. ಆ ಮೂರು ಗಂಟೆಯಲ್ಲಿ ಮೂರು ನಾಲ್ಕು ಹಾಡು ಮುಗಿಯಬೇಕು. ಹಾಳೆ ಕೈಗೆ ಬರುವುದು ಸ್ಟುಡಿಯೊ ಒಳಗೆ ಕಾಲಿಟ್ಟ ಮೇಲೆ. ಕೆಲವೊಮ್ಮೆ ಪೂರ್ತಿ ಸ್ವರಲಿಪಿ, ಕೆಲವೊಮ್ಮೆ ಬರೀ ಕಾರ್ಡ್‌ಗಳ (ಒಟ್ಟಿಗೆ ಮೀಟುವ ಸ್ವರಗುಚ್ಛಗಳ) ಸಾಲು, ಕೆಲವೊಮ್ಮೆ ಸಂಗೀತ ನಿರ್ದೇಶಕರ ಬಾಯಿಮಾತು. ಕಾರ್ಡ್ ಬರೆದುಕೊಳ್ಳಲು ಅಮೆರಿಕದ ನ್ಯಾಶ್‌ವಿಲ್‌ನಲ್ಲಿ 1950ರ ದಶಕದ ಕೊನೆಗೆ ನೀಲ್ ಮ್ಯಾಥ್ಯೂಸ್ ರೂಢಿಗೆ ತಂದ, ಚಾರ್ಲಿ ಮೆಕಾಯ್ ಬೆಳೆಸಿದ ಅಂಕಿ ಪದ್ಧತಿಯೊಂದಿದೆ. ಕರ್ನಾಟಕ ಸಂಗೀತ ಬಲ್ಲ ಮನೆಯ ಮಕ್ಕಳಿಗೆ ಅದು ಹತ್ತು ನಿಮಿಷದ ಪಾಠ. ಷಡ್ಜದ ಮೇಲೆ ಕಟ್ಟಿದ ಕಾರ್ಡ್‌ಗೆ 1, ಮಧ್ಯಮದ ಮೇಲಿನದಕ್ಕೆ 4, ಪಂಚಮದ ಮೇಲಿನದಕ್ಕೆ 5, ಧೈವತದ ಮೇಲಿನ ಮೈನರ್ ಕಾರ್ಡ್‌ಗೆ 6 ಮತ್ತು ಒಂದು ಸಣ್ಣ ಗೆರೆ. ಷಡ್ಜ ಪಾಶ್ಚಾತ್ಯ ಸಂಗೀತದ ಜಿ ಸ್ವರವಾದರೆ ಇವು ಜಿ, ಸಿ, ಡಿ, ಇ ಮೈನರ್. ಗಾಯಕರು ಶ್ರುತಿಯನ್ನು ಎ ಗೆ ಏರಿಸಿದರೆ ಅದೇ ಹಾಳೆ ಎ, ಡಿ, ಇ, ಎಫ್ ಶಾರ್ಪ್ ಮೈನರ್ ಆಗುತ್ತದೆ. ಹಾಳೆಯ ಮೇಲೆ ಒಂದಕ್ಷರವೂ ಬದಲಾಗುವುದಿಲ್ಲ. ನಮ್ಮಲ್ಲಿ ಶ್ರುತಿ ಯಾವುದೇ ಇರಲಿ ಸ ಎಂದರೆ ಸ, ಇದೂ ಅಷ್ಟೇ. ಕೇಪೊ (ಎಲ್ಲ ತಂತಿಗಳನ್ನೂ ಒಮ್ಮೆಗೇ ಒತ್ತಿಹಿಡಿಯುವ ಕ್ಲಿಪ್ಪು) ಬಳಸುವವರು ಜಿ ಆಕಾರಗಳನ್ನೇ ಹಿಡಿದು ಎರಡನೇ ಫ್ರೆಟ್‌ನಲ್ಲಿ ಎ, ಮೂರನೇದರಲ್ಲಿ ಬಿ ಫ್ಲ್ಯಾಟ್ ಪಡೆಯಬಹುದು (ಫ್ರೆಟ್ ಎಂದರೆ ಕತ್ತಿನ ಮೇಲಿನ ಲೋಹದ ಅಡ್ಡಪಟ್ಟಿ). ಆದರೆ ಕೇಪೊ ಹಾಕಿದ ಮೇಲೆ ಶ್ರುತಿ ಮತ್ತೆ ನೋಡಲೇಬೇಕು. ಅದು ತಂತಿಯನ್ನು ಒತ್ತುವಾಗ ಸ್ವಲ್ಪ ಎಳೆಯುತ್ತದೆ, ಸ್ವರ ಏರಿ ಕೂರುತ್ತದೆ. ಫ್ರೆಟ್‌ನ ಹಿಂದೆಯೇ, ಅದಕ್ಕೆ ತಾಗುವಷ್ಟು ಹತ್ತಿರ ಹಾಕಿದರೆ ಈ ತೊಂದರೆ ಕಡಿಮೆ.

ರಾಕ್ ಹಾಡಿಗೆ ನುಡಿಸುವವರು ತಿಳಿಯಬೇಕಾದ, ಆದರೆ ಬಹಳ ತರಗತಿಗಳಲ್ಲಿ ಹೇಳದೆ ಬಿಡುವ ಸಂಗತಿ ಇನ್ನೊಂದಿದೆ. ಡಿಸ್ಟಾರ್ಷನ್ (ನಾದವನ್ನು ಬೇಕೆಂದೇ ಒರಟಾಗಿಸುವ ಪರಿಣಾಮ) ಹಾಕಿದಾಗ ಪೂರ್ತಿ ಕಾರ್ಡ್ ಏಕೆ ಕಲಸಿದ ಅನ್ನದ ಹಾಗಾಗುತ್ತದೆ, ಸ ಮತ್ತು ಪ ಎರಡನ್ನೇ ನುಡಿಸಿದರೆ ಏಕೆ ಬಂಡೆಯ ಹಾಗೆ ನಿಲ್ಲುತ್ತದೆ? ಡಿಸ್ಟಾರ್ಷನ್ ನಾದವನ್ನು ಕತ್ತರಿಸುವಾಗ, ಎರಡು ಸ್ವರಗಳ ಕಂಪನಗಳ ಮೊತ್ತವನ್ನೂ ವ್ಯತ್ಯಾಸವನ್ನೂ ಹೊಸ ಸ್ವರಗಳಾಗಿ ಹುಟ್ಟಿಸುತ್ತದೆ. ಸ–ಪ ಅನುಪಾತ 2ಕ್ಕೆ 3. ವ್ಯತ್ಯಾಸ 1, ಅಂದರೆ ಒಂದು ಸ್ಥಾಯಿ ಕೆಳಗಿನ ಷಡ್ಜ. ಹಾಗಾಗಿ ಹುಟ್ಟಿದ್ದೂ ಶ್ರುತಿಯೊಳಗೇ ಕೂರುತ್ತದೆ, ನಾದ ಇನ್ನಷ್ಟು ಗಟ್ಟಿಯಾಗುತ್ತದೆ. ಗಿಟಾರಿನ ಫ್ರೆಟ್‌ಗಳು ಸ್ಥಾಯಿಯನ್ನು ಹನ್ನೆರಡು ಸಮ ಭಾಗ ಮಾಡಿ ಕೂರಿಸಿದವು. ಆ ಲೆಕ್ಕದಲ್ಲಿ ಪಂಚಮ ಶುದ್ಧ ಸ್ಥಾನಕ್ಕಿಂತ ಸುಮಾರು 2 ಸೆಂಟ್ ಮಾತ್ರ ತಗ್ಗಿರುತ್ತದೆ. ಒಂದು ಸ್ವರಸ್ಥಾನಕ್ಕೆ 100 ಸೆಂಟ್. ಪೂರ್ತಿ ಕಾರ್ಡ್‌ನಲ್ಲಿ ಬರುವ ಅಂತರ ಗಾಂಧಾರ ಮಾತ್ರ ಸುಮಾರು 14 ಸೆಂಟ್ ಏರಿರುತ್ತದೆ. ಡಿಸ್ಟಾರ್ಷನ್ ಇಲ್ಲದ ನಾದದಲ್ಲಿ ಕಿವಿ ಅದನ್ನು ಸಹಿಸಿಕೊಳ್ಳುತ್ತದೆ. ಡಿಸ್ಟಾರ್ಷನ್‌ನಲ್ಲಿ ಅದರಿಂದ ಹುಟ್ಟುವ ಸ್ವರಗಳೆಲ್ಲ ಒಂದಕ್ಕೊಂದು ತಿಕ್ಕಾಡಿ ಗುರ್ ಎನ್ನುತ್ತವೆ. ಅನುಭವಿ ವಾದಕರು ಗಾಂಧಾರ ಬೇಕೇ ಬೇಕೆಂದಾಗ ಗಿಟಾರಿನ ವಾಲ್ಯೂಮ್ ಗುಬ್ಬಿಯನ್ನು ಹಿಂದಕ್ಕೆ ತಿರುಗಿಸಿ ನಾದ ತೆಳುವಾಗಿಸುತ್ತಾರೆ, ಇಲ್ಲವೇ ಗಾಂಧಾರವನ್ನು ಬೇರೆ ಟ್ರ್ಯಾಕ್‌ನಲ್ಲಿ ಒಂಟಿಯಾಗಿ ನುಡಿಸುತ್ತಾರೆ. ಸ್ಟುಡಿಯೊದಲ್ಲಿ ಗೇನ್ (ಡಿಸ್ಟಾರ್ಷನ್ನಿನ ಪ್ರಮಾಣ) ಯಾವಾಗಲೂ ಮನೆಯಲ್ಲಿ ಇಡುವುದಕ್ಕಿಂತ ಕಡಿಮೆಯೇ ಇರಬೇಕು. ನಾಲ್ಕು ಟ್ರ್ಯಾಕ್ ಸೇರಿದಾಗ ಅದು ತಾನೇ ದಪ್ಪವಾಗುತ್ತದೆ. ಮನೆಯ ಗೇನನ್ನೇ ಇಟ್ಟರೆ ಮೀಟಿನ ಪೆಟ್ಟು ಕಾಣೆಯಾಗಿ ಹಾಡು ಮಂಜಿನೊಳಗೆ ಹೋಗುತ್ತದೆ.

ಎಡಕ್ಕೊಂದು ಬಲಕ್ಕೊಂದು ಗಿಟಾರ್ ಕೇಳಿಸಬೇಕೆಂದರೆ ಎರಡು ಸಲ ನಿಜವಾಗಿಯೇ ನುಡಿಸಬೇಕು. ಒಂದನ್ನೇ ನಕಲು ಮಾಡಿ ಆ ಕಡೆ ಈ ಕಡೆ ಇಟ್ಟರೆ ಅಗಲ ಬರುವುದಿಲ್ಲ, ನಡುವಿನಲ್ಲೇ ಜೋರಾಗುತ್ತದೆ ಅಷ್ಟೆ. ಎರಡು ವಾದನಗಳ ನಡುವಿನ ಕೂದಲೆಳೆಯ ವ್ಯತ್ಯಾಸವೇ ಆ ಅಗಲ. ಆ ವ್ಯತ್ಯಾಸ ಕೂದಲೆಳೆಯಷ್ಟೇ ಇರಬೇಕಾದ್ದರಿಂದ ತಾನು ಏನು ನುಡಿಸಿದೆ ಎಂಬುದು ವಾದಕರಿಗೆ ಮೀಟು ಮೀಟಿಗೂ ನೆನಪಿರಬೇಕು. ಇಲ್ಲೇ ಹವ್ಯಾಸಿ ಮತ್ತು ಕಸುಬುದಾರ ಬೇರೆಯಾಗುವುದು. ಸೊಲೊ ಚೆನ್ನಾಗಿ ನುಡಿಸುವ ಹುಡುಗರು ನಮ್ಮಲ್ಲಿ ಸಾಕಷ್ಟಿದ್ದಾರೆ. ಎಂಟು ಮಾತ್ರೆಯ ಒಂದೇ ನಡೆಯನ್ನು ನಾಲ್ಕು ನಿಮಿಷ ಅಲುಗದೆ ನುಡಿಸಿ, ಮತ್ತೆ ಅದನ್ನೇ ಹಾಗೆಯೇ ನುಡಿಸಬಲ್ಲವರು ವಿರಳ. ಕರೆ ಬರುವುದು ಅವರಿಗೇ.

ವಾದ್ಯದ ಆರೈಕೆಯ ವಿಷಯದಲ್ಲಿ ಮಲೆನಾಡಿನ ಮಕ್ಕಳಿಗೆ ಬೆಂಗಳೂರಿನವರಿಗಿಲ್ಲದ ಕಷ್ಟವಿದೆ. ಮರದ ಗಿಟಾರಿಗೆ ಹಿತವಾದ ತೇವಾಂಶ ಶೇ 45ರಿಂದ 55. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಕಲೇಶಪುರ, ಮೂಡಿಗೆರೆ ಕಡೆ ಗಾಳಿಯ ತೇವ ಇದಕ್ಕಿಂತ ಬಹಳ ಮೇಲಿರುತ್ತದೆ. ಅಕೂಸ್ಟಿಕ್ ಗಿಟಾರಿನ ಮುಖದ ಹಲಗೆ ತೇವ ಕುಡಿದು ಉಬ್ಬುತ್ತದೆ, ಅದರ ಜೊತೆ ತಂತಿಗಳನ್ನು ಹೊತ್ತ ಬ್ರಿಡ್ಜ್ ಮೇಲೇಳುತ್ತದೆ, ತಂತಿ ಬೆರಳಿಗೆ ದೂರವಾಗುತ್ತದೆ. ಒತ್ತಲು ಹೆಚ್ಚು ಬಲ ಬೇಕು. ಬಲ ಹೆಚ್ಚಾದಷ್ಟೂ ಸ್ವರ ಏರುತ್ತದೆ. ಮಗು ಕೈ ಸರಿಯಿಲ್ಲವೆಂದು ಅಳುತ್ತದೆ, ನಿಜವಾಗಿ ಸರಿಯಿಲ್ಲದಿರುವುದು ಹಲಗೆ. ಈ ಸಮಯದಲ್ಲಿ ಬ್ರಿಡ್ಜ್ ಮೇಲೆ ತಂತಿ ಒರಗುವ ಮೂಳೆಯ ಪಟ್ಟಿಯನ್ನು ಉಜ್ಜಿ ತಗ್ಗಿಸಬೇಡಿ. ಫೆಬ್ರುವರಿಯಲ್ಲಿ ಹಲಗೆ ಒಣಗಿ ಕೆಳಗಿಳಿದಾಗ ತಂತಿ ಫ್ರೆಟ್‌ಗೆ ಬಡಿದು ಝರಝರ ಎನ್ನುತ್ತದೆ, ಆಗ ಹೊಸ ಮೂಳೆ ಹಾಕಬೇಕಾಗುತ್ತದೆ. ಗೋಡೆಗೆ ತೂಗುಹಾಕುವ ಬದಲು ಗಟ್ಟಿ ಪೆಟ್ಟಿಗೆಯಲ್ಲಿ ಮುಚ್ಚಿಡಿ, ಒಳಗೆ ಸಿಲಿಕಾ ಜೆಲ್ ಚೀಲಗಳನ್ನಿಡಿ, ಅವುಗಳೊಳಗಿನ ಹರಳುಗಳು ತೇವ ಹೀರಿ ಬಣ್ಣ ಬದಲಿಸಿದಾಗ ಹರಳುಗಳನ್ನು ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಒಣಗಿಸಿಕೊಳ್ಳಿ (ಆ ಬಾಣಲೆ ಅಡುಗೆಗೆ ಬೇಡ). ಬೇಸಿಗೆಯಲ್ಲಿ ಚೀಲ ತೆಗೆದುಬಿಡಬೇಕು, ಇಲ್ಲವಾದರೆ ಅತಿಯಾಗಿ ಒಣಗಿ ಫ್ರೆಟ್ ತುದಿಗಳು ಕತ್ತಿನ ಅಂಚಿನಿಂದ ಹೊರಬಂದು ಕೈ ಗೀರುತ್ತವೆ. ತೇವಾಂಶ ಮಾಪಕ ಚಿಕ್ಕದಾದರೂ ಸಾಕು, ಪೆಟ್ಟಿಗೆಯೊಳಗೇ ಇರಲಿ.

ಮರದ ಮಾತು ಬಂದಾಗ ಇದನ್ನೂ ಹೇಳಬೇಕು. ಜಗತ್ತಿನ ಅನೇಕ ಒಳ್ಳೆಯ ಗಿಟಾರ್‌ಗಳ ಹಿಂಬದಿ, ಪಕ್ಕ ಮತ್ತು ಬೆರಳಹಲಗೆ ನಮ್ಮ ಪಶ್ಚಿಮಘಟ್ಟದ ಬೀಟೆ ಮರದ ಜಾತಿಯದು. ಬ್ರೆಜಿಲ್ ತನ್ನ ರೋಸ್‌ವುಡ್ ದಿಮ್ಮಿಗಳ ರಫ್ತನ್ನು ತಡೆದ ಮೇಲೆ, 1969–70ರ ಸುಮಾರಿಗೆ ಅಮೆರಿಕದ ಮಾರ್ಟಿನ್ ಕಂಪನಿ ಭಾರತದ ಬೀಟೆಗೆ ಬದಲಾಯಿತು. 2017ರ ಜನವರಿಯಿಂದ ಬೀಟೆ ಜಾತಿಯ ಮರಗಳ ಅಂತರರಾಷ್ಟ್ರೀಯ ಸಾಗಾಟಕ್ಕೆ ಅನುಮತಿ ಪತ್ರ ಬೇಕಾಯಿತು. 2019ರ ನವೆಂಬರ್‌ನಲ್ಲಿ ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು. ಕಾಫಿ ತೋಟದ ನೆರಳಲ್ಲಿ ನಿಂತ ಮರಕ್ಕೂ ಲಾಸ್ ಏಂಜಲೀಸ್‌ನ ಸ್ಟುಡಿಯೊಕ್ಕೂ ಇಂಥ ನಂಟಿದೆ.

ಸೆಷನ್‌ಗೆ ಹೋಗುವ ಹಿಂದಿನ ದಿನ ತಂತಿ ಬದಲಿಸಬೇಕು, ಅದೇ ದಿನ ಅಲ್ಲ. ಹೊಸ ತಂತಿ ಕೆಲವು ಗಂಟೆ ಜಾರುತ್ತಲೇ ಇರುತ್ತದೆ. ಬಿರಡೆಗೆ ಎರಡು ಮೂರು ಸುತ್ತು ಸಾಕು; ಐದಾರು ಸುತ್ತು ಸುತ್ತಿದರೆ ಅದೇ ಜಾರುವಿಕೆಗೆ ಕಾರಣ. ಶ್ರುತಿ ಮಾಡುವಾಗ ಮೊದಲು ತಗ್ಗಿಸಿ ಆಮೇಲೆ ಏರಿಸುತ್ತ ಬಂದು ನಿಲ್ಲಿಸಿ. ಮೇಲಿನಿಂದ ಇಳಿಸಿ ನಿಲ್ಲಿಸಿದರೆ ಬಿರಡೆಯ ಹಲ್ಲುಗಳ ನಡುವೆ ಸಡಿಲ ಉಳಿದು ಎರಡು ಮೀಟಿಗೇ ಕೆಳಗೆ ಬರುತ್ತದೆ. ಎಲೆಕ್ಟ್ರಿಕ್ ಗಿಟಾರಿನಲ್ಲಿ ಹನ್ನೆರಡನೇ ಫ್ರೆಟ್‌ನ ಹಾರ್ಮೋನಿಕ್ (ತಂತಿಯನ್ನು ಒತ್ತದೆ ಬರೀ ತಾಗಿಸಿ ಮೀಟಿದ ಸ್ವರ) ಮತ್ತು ಅಲ್ಲೇ ಒತ್ತಿದ ಸ್ವರ ಎರಡನ್ನೂ ಟ್ಯೂನರ್‌ನಲ್ಲಿ ನೋಡಿ. ಒತ್ತಿದ್ದು ಏರಿದ್ದರೆ ಬ್ರಿಡ್ಜ್ ಮೇಲೆ ಆ ತಂತಿ ಕೂರುವ ಸ್ಯಾಡಲನ್ನು ಕತ್ತಿನಿಂದ ದೂರಕ್ಕೆ ಸರಿಸಿ, ತಗ್ಗಿದ್ದರೆ ಹತ್ತಿರಕ್ಕೆ. ಹಳೆಯ ತಂತಿಯ ಮೇಲೆ ಇದನ್ನು ಮಾಡಿದರೆ ಶ್ರಮ ವ್ಯರ್ಥ. ಹನ್ನೆರಡನೇ ಫ್ರೆಟ್ ಮೇಲೆ ದಪ್ಪ ತಂತಿಗೆ 2 ಮಿ.ಮೀ., ತೆಳು ತಂತಿಗೆ 1.5 ಮಿ.ಮೀ. ಅಂತರ ಎಲೆಕ್ಟ್ರಿಕ್‌ಗೆ ಒಳ್ಳೆಯ ಆರಂಭ. ಕತ್ತಿನ ಬಾಗು ಹೊಂದಿಸುವ, ಅದರೊಳಗಿನ ಟ್ರಸ್ ರಾಡ್ ಎಂಬ ಕಂಬಿಯನ್ನು ಒಮ್ಮೆಗೆ ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸಬಾರದು, ತಿರುಗಿಸಿ ಮಾರನೆಯ ದಿನದವರೆಗೆ ಕಾಯಬೇಕು.

ಅಕೂಸ್ಟಿಕ್‌ಗೆ ಮೈಕ್ ಇಡುವಾಗ ಮುಖದ ಹಲಗೆಯ ಗುಂಡಿಯ ಎದುರು ಬೇಡ, ಅಲ್ಲಿ ಗುಂಯ್ ಎನ್ನುವ ತಗ್ಗು ನಾದ ಮಾತ್ರ ಸಿಗುತ್ತದೆ. ಹನ್ನೆರಡನೇ ಫ್ರೆಟ್ ಎದುರು, ಒಂದು ಗೇಣಿಗಿಂತ ಸ್ವಲ್ಪ ಹೆಚ್ಚು ದೂರ. ಹೆಡ್‌ಫೋನಿನಲ್ಲಿ ಲಯ ಹಿಡಿಯಲು ಕೇಳಿಸುವ ಕ್ಲಿಕ್ ಸದ್ದು ಆ ಮೈಕಿಗೆ ಸೋರುವುದು ಎಲ್ಲರೂ ಮಾಡುವ ತಪ್ಪು. ಹಾಡು ನಿಧಾನವಾಗಿ ಮುಗಿಯುವ ಕಡೆ, ಗಿಟಾರ್ ಆರುತ್ತಿರುವಾಗ ಟಿಕ್ ಟಿಕ್ ಕೇಳಿಸಿದರೆ ಇಡೀ ವಾದನ ಹಾಳು. ಮುಚ್ಚಿದ ಹೆಡ್‌ಫೋನ್ ಬಳಸಿ, ಕೊನೆಯ ಸ್ವರಕ್ಕೆ ಕ್ಲಿಕ್ ನಿಲ್ಲಿಸುವಂತೆ ಎಂಜಿನಿಯರ್‌ಗೆ ಮೊದಲೇ ಹೇಳಿ. ಎಲೆಕ್ಟ್ರಿಕ್‌ನಲ್ಲಿ ನಮ್ಮ ವಿದ್ಯುತ್ತಿನ 50 ಹರ್ಟ್ಸ್ ಗುನುಗು ಇನ್ನೊಂದು ಶತ್ರು. ತಂತಿಯ ಕಂಪನ ಹಿಡಿಯುವ ಪಿಕಪ್ ಒಂದೇ ಸುರುಳಿಯದಾಗಿದ್ದರೆ (ಸಿಂಗಲ್ ಕಾಯಿಲ್) ಕುರ್ಚಿ ಸಮೇತ ನಿಧಾನ ತಿರುಗಿ, ಒಂದು ದಿಕ್ಕಿನಲ್ಲಿ ಗುನುಗು ಕಡಿಮೆಯಾಗುತ್ತದೆ. ಟ್ಯೂಬ್‌ಲೈಟ್, ಫ್ಯಾನ್ ರೆಗ್ಯುಲೇಟರ್ ಆರಿಸಿ. ಗುನುಗು ಹೋಗಲಿ ಎಂದು ಪ್ಲಗ್ಗಿನ ಮೂರನೇ ಪಿನ್ ಕತ್ತರಿಸುವವರಿದ್ದಾರೆ. ದಯವಿಟ್ಟು ಅದನ್ನು ಎಂದೂ ಮಾಡಬೇಡಿ. ಆಂಪ್ಲಿಫೈಯರ್ ಒಳಗೆ ಏನಾದರೂ ಕೆಟ್ಟರೆ ತಂತಿ ಹಿಡಿದ ಕೈಯ ಮೂಲಕವೇ ಕರೆಂಟ್ ಹರಿಯುತ್ತದೆ, ಜೀವ ಹೋಗಬಹುದು.

ಈಗ ಹಾಸನದಲ್ಲೇ ಕೂತು ಬೆಂಗಳೂರಿಗೆ, ಚೆನ್ನೈಗೆ ಗಿಟಾರ್ ಟ್ರ್ಯಾಕ್ ಕಳಿಸುವುದು ಸಾಧ್ಯ. ಹಾಗೆ ಕಳಿಸುವಾಗ ವೇವ್ ಕಡತವೇ ಆಗಿರಲಿ, 24 ಬಿಟ್, ಮತ್ತು ಅವರು ಕೊಟ್ಟ ಹಾಡಿನ ಸ್ಯಾಂಪಲ್ ರೇಟ್ (ಸೆಕೆಂಡಿಗೆ ನಾದದ ಎಷ್ಟು ಮಾದರಿ ಎಂಬ ಲೆಕ್ಕ) ಯಾವುದೋ ಅದೇ. ಅವರ ಹಾಡು 48 ಕಿಲೊಹರ್ಟ್ಸ್ ಇದ್ದು ನೀವು 44.1ರಲ್ಲಿ ಮುದ್ರಿಸಿದ್ದನ್ನು ಯಾರಾದರೂ ಪರಿವರ್ತಿಸದೆ ಅಲ್ಲಿ ಇಟ್ಟರೆ ಗಿಟಾರ್ ವೇಗವಾಗಿ, ಸುಮಾರು ಒಂದೂವರೆ ಸ್ವರಸ್ಥಾನ ಮೇಲೆ ಕೇಳಿಸುತ್ತದೆ. ಗಿಟಾರ್ ಹಾಡಿನ ನಡುವೆ ಬಂದರೂ ಕಡತ ಹಾಡಿನ ಮೊದಲ ಕ್ಷಣದಿಂದಲೇ ಶುರುವಾಗಬೇಕು, ಆಗ ಅವರು ಎಳೆದು ಇಟ್ಟರೆ ತನ್ನ ಜಾಗದಲ್ಲಿ ಕೂರುತ್ತದೆ. ಮೀಟರಿನ ಏರು ಮಟ್ಟ ಮೈನಸ್ 6 ಡೆಸಿಬೆಲ್ ದಾಟದಿರಲಿ. ಡಿಸ್ಟಾರ್ಷನ್ ಹಾಕಿದ ಟ್ರ್ಯಾಕ್ ಜೊತೆ ಏನೂ ಹಾಕದ ಒಣ ಟ್ರ್ಯಾಕನ್ನೂ ಕಳಿಸಿ. ಮಿಕ್ಸ್ ಮಾಡುವವರಿಗೆ ನಾದ ಹಿಡಿಸದಿದ್ದರೆ ನಿಮ್ಮನ್ನು ಮತ್ತೆ ಕೂರಿಸದೆ ಅವರೇ ಬದಲಿಸಿಕೊಳ್ಳುತ್ತಾರೆ. ನುಡಿಸಿದ್ದು ಕಿವಿಗೆ ತಡವಾಗಿ ಬಂದರೆ ಬಫರ್ (ಕಂಪ್ಯೂಟರ್ ಒಮ್ಮೆಗೆ ಕೂಡಿಟ್ಟುಕೊಳ್ಳುವ ಮಾದರಿಗಳ ಸಂಖ್ಯೆ) ಇಳಿಸಬೇಕು: 48 ಕಿಲೊಹರ್ಟ್ಸ್‌ನಲ್ಲಿ 128 ಸ್ಯಾಂಪಲ್ ಎಂದರೆ ಮೂರು ಮಿಲಿಸೆಕೆಂಡಿಗೂ ಕಡಿಮೆ ತಡ, 1024 ಎಂದರೆ ಇಪ್ಪತ್ತೊಂದು. ಮಳೆಗಾಲದಲ್ಲಿ ಕರೆಂಟ್ ಯಾವಾಗ ಹೋಗುತ್ತದೋ ಹೇಳಲಾಗದ ಊರುಗಳಲ್ಲಿ ಕಂಪ್ಯೂಟರಿಗೆ ಯುಪಿಎಸ್ ಇಲ್ಲದೆ ಮುದ್ರಣಕ್ಕೆ ಕೂರಬಾರದು.

ಕಿವಿಯ ಬಗ್ಗೆ ಒಂದು ಮಾತು, ಏಕೆಂದರೆ ಈ ಕಸುಬಿನ ಹಿರಿಯರಲ್ಲಿ ಕಿವಿ ಗುಂಯ್‌ಗುಡುವಿಕೆಯಿಂದ ನರಳುವವರು ಬಹಳ. 85 ಡೆಸಿಬೆಲ್ ಸದ್ದನ್ನು ದಿನಕ್ಕೆ ಎಂಟು ಗಂಟೆ ಕೇಳಬಹುದು ಎಂಬುದು ಒಪ್ಪಿತ ಮಿತಿ. ಪ್ರತಿ 3 ಡೆಸಿಬೆಲ್ ಏರಿದಾಗ ಸಮಯ ಅರ್ಧಕ್ಕಿಳಿಯುತ್ತದೆ. ಹಾಗಾಗಿ 100 ಡೆಸಿಬೆಲ್‌ಗೆ ಹದಿನೈದು ನಿಮಿಷ. ಡ್ರಮ್ಸ್ ಪಕ್ಕ ನಿಲ್ಲುವವರು ಆ ಮಿತಿಯನ್ನು ಮೂರನೇ ಹಾಡಿಗೇ ದಾಟಿರುತ್ತಾರೆ.

ಇಷ್ಟೆಲ್ಲ ಕಲಿತವರಿಗೂ ಆಯುಷ್ಯಪೂರ್ತಿ ಕೆಲಸ ಇರುತ್ತದೆ ಎಂದು ಹೇಳಿ ಮಕ್ಕಳನ್ನು ಮರುಳು ಮಾಡಲಾರೆವು. 1980ರ ದಶಕದ ಆರಂಭದಲ್ಲಿ ಡ್ರಮ್ ಯಂತ್ರಗಳು, 1983ರಲ್ಲಿ ಯಮಾಹಾ ಡಿಎಕ್ಸ್–7 ಸಿಂಥಸೈಜರ್ ಬಂದಾಗ ಹತ್ತು ಜನ ಕೂರುತ್ತಿದ್ದ ಕಡೆ ಇಬ್ಬರು ಸಾಕಾದರು. ಟೆಡೆಸ್ಕೊ ತಮ್ಮ ವೃತ್ತಿಗೆ ನಾಲ್ಕು ಘಟ್ಟವಿದೆ ಎಂದು ವಿವರಿಸುತ್ತಿದ್ದರು: ಮೊದಲು ಅವನ್ಯಾರು ಎಂದು ಕೇಳುತ್ತಾರೆ, ಆಮೇಲೆ ಅವನನ್ನೇ ಕರೆಸಿ ಎನ್ನುತ್ತಾರೆ, ಆಮೇಲೆ ಅವನ ಹಾಗೆ ನುಡಿಸುವ ಇನ್ನೊಬ್ಬನನ್ನು ಕರೆಸಿ ಎನ್ನುತ್ತಾರೆ, ಕೊನೆಗೆ ಮತ್ತೆ ಅವನ್ಯಾರು ಎಂದು ಕೇಳುತ್ತಾರೆ. ಸಲಿವನ್ 1969ರಿಂದ 1974ರವರೆಗೆ ಗಾಯಕ ಟಾಮ್ ಜೋನ್ಸ್ ಜೊತೆ ಪ್ರವಾಸ ಮಾಡಿದರು. 2012ರಲ್ಲಿ, 71ರ ವಯಸ್ಸಿನಲ್ಲಿ ತೀರಿಕೊಂಡರು. ದೀರ್ಘಕಾಲ ಉಳಿದವರೆಲ್ಲ ಹೀಗೆ ಸ್ಟುಡಿಯೊ, ಪ್ರವಾಸ, ಪಾಠ ಮೂರನ್ನೂ ಹೆಣೆದುಕೊಂಡವರೇ. ಒಂದು ಕೆಲಸ ಒಪ್ಪಿಕೊಳ್ಳಲು ಹಣ, ಪರಿಚಯ, ಕಲಿಕೆ, ಸಂತೋಷ ಈ ನಾಲ್ಕರಲ್ಲಿ ಒಂದಾದರೂ ಇರಬೇಕು ಎಂಬ ಟೆಡೆಸ್ಕೊ ಅವರ ಲೆಕ್ಕ ನಮಗೆ ಇಂದಿಗೂ ಸರಿಯೆನಿಸುತ್ತದೆ.

ಹಣದ ಜೊತೆ ಹೆಸರಿನ ಪ್ರಶ್ನೆಯೂ ಅಂಟಿಕೊಂಡಿದೆ. 1965ರಲ್ಲಿ ಅಮೆರಿಕದ ‘ದ ಬರ್ಡ್ಸ್’ ತಂಡದ ಮೊದಲ ದೊಡ್ಡ ಹಾಡಿನಲ್ಲಿ ತಂಡದ ಐವರ ಪೈಕಿ ವಾದ್ಯ ನುಡಿಸಿದ್ದು ರೋಜರ್ ಮೆಗ್ವಿನ್ ಒಬ್ಬರೇ, ಉಳಿದ ವಾದ್ಯಗಳೆಲ್ಲ ಸೆಷನ್ ವಾದಕರದು. ಜೇಮ್ಸ್ ಬಾಂಡ್ ಚಿತ್ರಗಳ ಮುಖ್ಯ ಸಂಗೀತದಲ್ಲಿ 1962ರಲ್ಲಿ ಗಿಟಾರ್ ನುಡಿಸಿದ ವಿಕ್ ಫ್ಲಿಕ್ (1937–2024) ಪಡೆದದ್ದು ಆ ಸೆಷನ್ನಿನ ಸಂಭಾವನೆ. ನಮ್ಮ ದೇಶದಲ್ಲಿ 2012ರ ತಿದ್ದುಪಡಿಯ ನಂತರ ಕೃತಿಸ್ವಾಮ್ಯ ಕಾಯ್ದೆಯ 38ಎ ಕಲಮು ಪ್ರದರ್ಶಕರಿಗೆ ವಾಣಿಜ್ಯ ಬಳಕೆಯಿಂದ ಬರುವ ರಾಯಲ್ಟಿಯ ಹಕ್ಕನ್ನೂ, 38ಬಿ ಕಲಮು ಇದು ತನ್ನ ಪ್ರದರ್ಶನ ಎಂದು ಗುರುತಿಸಿಕೊಳ್ಳುವ ಹಕ್ಕನ್ನೂ ಕೊಟ್ಟಿವೆ. ಪ್ರದರ್ಶಕರ ಹಕ್ಕಿನ ಅವಧಿ 50 ವರ್ಷ. ಆದರೆ ಪ್ರದರ್ಶಕ ಎಂದರೆ ಯಾರು ಎಂದು ಹೇಳುವ 2(ಕ್ಯುಕ್ಯು) ಕಲಮಿಗೆ ಒಂದು ಷರತ್ತು ಸೇರಿದೆ. ಸಿನಿಮಾದಲ್ಲಿ ಆಕಸ್ಮಿಕ ಅಥವಾ ಪ್ರಾಸಂಗಿಕ ಪಾಲು ಮಾತ್ರ ಇದ್ದು, ಉದ್ಯಮದ ರೂಢಿಯಂತೆ ಎಲ್ಲೂ ಹೆಸರು ಹಾಕದವರನ್ನು ಪ್ರದರ್ಶಕರೆಂದು ಪರಿಗಣಿಸುವುದಿಲ್ಲ. ಅವರಿಗೆ ಉಳಿಯುವುದು ತಮ್ಮ ಪ್ರದರ್ಶನವನ್ನು ವಿರೂಪಗೊಳಿಸಬಾರದೆಂಬ ಹಕ್ಕು ಮಾತ್ರ. ಹೆಸರು ಬಿಡುವ ರೂಢಿಯೇ ವಾದಕರ ವಿರುದ್ಧದ ವಾದವಾಗುವ ಅಪಾಯ ಇಲ್ಲಿದೆ. ಆದ್ದರಿಂದ ಹೊಸಬರು, ಸಂಭಾವನೆ ಕಡಿಮೆಯಾದರೂ ಚಿಂತೆಯಿಲ್ಲ, ‘ಹೆಸರು ಹಾಕುತ್ತೇವೆ’ ಎಂಬ ಸಾಲನ್ನು ಕಾಗದದ ಮೇಲೆ ಬರೆಸಿಕೊಳ್ಳಬೇಕು. ದಿನಾಂಕ, ಹಾಡು, ನುಡಿಸಿದ ವಾದ್ಯ, ಗಂಟೆ, ಕೊಟ್ಟ ಮೊತ್ತ ಇಷ್ಟಿರುವ ಒಂದು ಹಾಳೆ, ಎರಡೂ ಕಡೆಯವರ ಸಹಿಯೊಂದಿಗೆ.

ಪತ್ರಿಕೆಯಿಂದ ನಾವು ಕೇಳುವುದು ಎರಡು. ಶುಕ್ರವಾರದ ಸಿನಿಮಾ ಪುಟದಲ್ಲಿ ಹೊಸ ಹಾಡುಗಳ ಬಗ್ಗೆ ಬರೆಯುವಾಗ ಸಂಗೀತ, ಸಾಹಿತ್ಯ, ಗಾಯನದ ನಂತರ ವಾದ್ಯವೃಂದದ ಹೆಸರನ್ನೂ ಸೇರಿಸಿ; ಒಂದು ಹಾಡಿಗೆ ಅದು ಒಂದೂವರೆ ಸಾಲು. ಬಿಡುಗಡೆ ಮಾಡುವವರನ್ನು ಕೇಳಿದರೆ ಪಟ್ಟಿ ಸಿಗುತ್ತದೆ, ಕೇಳತೊಡಗಿದರೆ ಕೊಡುವ ಅಭ್ಯಾಸವೂ ಬರುತ್ತದೆ. ಎರಡನೆಯದು, ಟೆಡೆಸ್ಕೊ ಅಮೆರಿಕದ ‘ಗಿಟಾರ್ ಪ್ಲೇಯರ್’ ಪತ್ರಿಕೆಯಲ್ಲಿ ‘ಸ್ಟುಡಿಯೊ ಲಾಗ್’ ಎಂಬ ಅಂಕಣ ಬರೆಯುತ್ತಿದ್ದರು. ಒಂದು ಸೆಷನ್, ಅಲ್ಲಿ ಎದುರಿಗೆ ಇಟ್ಟ ಹಾಳೆ, ಯಾವ ಗಿಟಾರ್ ಹಿಡಿದರು, ಎಲ್ಲಿ ತೊಡಕಾಯಿತು, ಕೊನೆಗೆ ಎಷ್ಟು ಹಣ ಬಂತು ಎಲ್ಲವನ್ನೂ ಬಿಚ್ಚಿಟ್ಟು. ಅಂಥದ್ದೊಂದು ಅಂಕಣ ನಿಮ್ಮ ಪುರವಣಿಯಲ್ಲಿ ತಿಂಗಳಿಗೊಮ್ಮೆ ಬಂದರೆ ನಮ್ಮ ಮಕ್ಕಳಿಗೆ ಮೂರನೇ ದಾರಿ ಹೇಗಿದೆಯೆಂದು ಕಾಣುತ್ತದೆ. ಗಿಟಾರ್ ಮಾತ್ರವಲ್ಲ, ತಬಲ, ಕೊಳಲು, ಕೀಬೋರ್ಡ್ ವಾದಕರೂ ಬರೆಯಲಿ. ಮೊದಲ ಆರು ಕಂತಿಗೆ ಬೇಕಾದ ಹಾಳೆಗಳನ್ನು, ಲಿಪಿ ಸಮೇತ, ಒದಗಿಸಲು ನಾವು ಸಿದ್ಧರಿದ್ದೇವೆ.

ಇತಿ,
ಹಾಸನದ ಕೆಲವು ಗಿಟಾರ್ ವಾದಕರು, ಬೋಧಕರು ಮತ್ತು ವಾದ್ಯ ರಿಪೇರಿಯವರು